ದೊಡ್ಡಮ್ಮನಿಗೆ ಕೇಳದ ತಂತಿ

"ಇನ್ನೊಂದ್ಸಲ ಮೀಟಿ," ಎಂದಳು ದೊಡ್ಡಮ್ಮ.

ವಾದ್ಯದಂಗಡಿಯವರು ಕೈಲಿದ್ದ ಗಿಟಾರಿನ ಉಕ್ಕಿನ ತಂತಿಯನ್ನು ಮತ್ತೆ ಮೀಟಿದರು. ಪಕ್ಕದ ಬೀದಿಯಲ್ಲೆಲ್ಲೋ ಯಾರೋ ಚಮಚ ಬೀಳಿಸಿದಷ್ಟು ಸದ್ದು ಕೇಳಿಸಿತು. ಮರದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಗರಗಸದ ಪಕ್ಕ ನಿಂತು ಮಂದವಾದ ಅವಳ ಕಿವಿಗೆ ಅಷ್ಟು ಕೇಳಿಸಿದ್ದೇ ದೊಡ್ಡದು.

"ಇದನ್ನೇ ಕೊಡಿ."

"ಇದೂ ಕೇಳಿ ನೋಡಿ ಅಮ್ಮಾ, ನೈಲಾನು," ಎಂದು ಅವರು ಇನ್ನೊಂದು ಗಿಟಾರು ಎತ್ತಿಕೊಂಡರು.

ದೊಡ್ಡಮ್ಮ ಕಾದಳು. "ಹೂಂ, ಮೀಟಿ."

"ಮೀಟಿ ಆಯ್ತಲ್ಲ!" ಎಂದು ಅವರು ಗಟ್ಟಿಯಾಗಿ ಕೂಗಿದರು.

ಮೇಜಿನ ಮೇಲೆ ಹಳೆಯ ಹೊದಿಕೆಯಲ್ಲಿ ತಂತಿಯಿಲ್ಲದ ಪುಟ್ಟ ಗಿಟಾರೊಂದು ಮಲಗಿತ್ತು. ತಂಗಿಯ ಮಗಳು ಚಿಣ್ಣಿಗೆಂದು ಅವಳೇ ಮಾಡಿದ್ದು. ಆರು ವರ್ಷದ ತೋಳಿಗೆ ಅಂಗಡಿಯ ಗಿಟಾರುಗಳು ಎಟುಕುತ್ತಿರಲಿಲ್ಲ. ಮುರಿದ ಬೀರುವಿನ ಹಲಗೆಯಿಂದ ಪೆಟ್ಟಿಗೆ, ಕುರ್ಚಿಯ ಕಾಲಿನಿಂದ ದಂಡಿ. ಪುಟ್ಟ ಕೈಗೆ ನಾಲ್ಕೇ ತಂತಿ ಸಾಕೆಂದು, ಅವನ್ನು ಬಿಗಿಯುವ ನಾಲ್ಕು ಮರದ ಬಿರಡೆಗಳನ್ನಂತೂ ಎರಡು ವಾರ ಕೂತು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿದ್ದಳು.

"ಉಕ್ಕಿನ ತಂತಿ ಎಳೆತಕ್ಕೆ ದಂಡಿ ಬಾಗಿಬಿಡುತ್ತೆ," ಎಂದರು ಅಂಗಡಿಯವರು.

"ನನ್ನ ಮರ ಬಾಗಲ್ಲ."

ಅಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ಚಿಣ್ಣಿ ಅಂಗಡಿಯ ಗಿಟಾರಿನ ಉಕ್ಕಿನ ತಂತಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ತಟ್ಟನೆ ಕೈ ಎಳೆದುಕೊಂಡು ಬೆನ್ನ ಹಿಂದೆ ಮುಚ್ಚಿಟ್ಟಳು.

"ನೋವಾಯ್ತಾ?"

"ಇಲ್ಲಪ್ಪ. ಇದೇ ತಗೋ ದೊಡ್ಡಮ್ಮ. ಇದಾದ್ರೆ ನಿಂಗೆ ಕೇಳ್ಸುತ್ತೆ."

ದೊಡ್ಡಮ್ಮ ಆ ಕೈಯನ್ನು ಮುಂದಕ್ಕೆಳೆದು ಬೆರಳು ಬಿಡಿಸಿದಳು. ತುದಿಯಲ್ಲಿ ಕೆಂಪು ಗೆರೆ ಮೂಡಿತ್ತು. ಸ್ವಲ್ಪ ಹೊತ್ತು ಅದನ್ನೇ ಹೆಬ್ಬೆರಳಿನಿಂದ ಸವರಿದಳು.

"ನೈಲಾನ್ ಕೊಡಿ," ಎಂದಳು.

ಆಮೇಲೆ ಮಗುವಿಗೆ ಬಿರಡೆ ತಿರುಗಿಸಲು ಹೇಳಿದಳು. ಚಿಣ್ಣಿ ಎರಡೂ ಕೈ ಹಾಕಿ, ಹಲ್ಲು ಕಚ್ಚಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

"ಮನೇಲಿ ನೀವೇ ತಿರುಗಿಸಿಕೊಟ್ರೆ ಆಯ್ತು," ಎಂದರು ಅಂಗಡಿಯವರು.

"ತಿರುಗಿಸ್ತೀನಿ. ಎಲ್ಲಿ ನಿಲ್ಲಿಸ್ಬೇಕು ಅಂತ ನಂಗ್ಯಾರು ಹೇಳ್ತಾರೆ?"

ಅವರು ಬಿರಡೆಯ ಬದಲು ಹಾಕುವ, ಹಲ್ಲುಚಕ್ರವಿರುವ ಲೋಹದ ಕೀಗಳನ್ನು ತಂದಿಟ್ಟರು. ಚಿಣ್ಣಿ ಒಂದನ್ನು ಎರಡೇ ಬೆರಳಲ್ಲಿ ಸಲೀಸಾಗಿ ತಿರುಗಿಸಿದಳು. ಅಂಗಡಿಯವರ ಕಣ್ಣು ಮಾತ್ರ ಮರದ ಬಿರಡೆಗಳ ಮೇಲೇ ಇತ್ತು.

"ಇಷ್ಟು ಚಂದದ ಬಿರಡೆ ಕಿತ್ತು ಹಾಕ್ತೀರಾ?"

"ಚಂದ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಈ ನಾಲ್ಕು ಕೊಡಿ. ಜೊತೆಗೆ ಆ ಶ್ರುತಿ ನೋಡೋ ಪೀಪಿನೂ."

ಮನೆಗೆ ಬಂದ ದೊಡ್ಡಮ್ಮ ಚಪ್ಪಲಿ ಬಿಟ್ಟವಳೇ ಕೆಲಸಕ್ಕೆ ಕೂತಳು. ಬಿರಡೆ ಬಡಿದು ತೆಗೆದು, ತೂತು ಅಗಲಿಸಿ, ಕೀಗಳನ್ನು ತಿರುಪು ಹಾಕಿ ಬಿಗಿದಳು. ತಂತಿ ಏರಿಸಿ ಗಿಟಾರನ್ನು ಚಿಣ್ಣಿಯ ತೊಡೆಯ ಮೇಲಿಟ್ಟಳು.

ಚಿಣ್ಣಿ ಪೀಪಿ ಊದಿದಳು, ಮೊದಲ ತಂತಿ ಮೀಟಿದಳು, ಕೀ ತಿರುಗಿಸಿದಳು. "ಸರಿ ಬಂತಾ ದೊಡ್ಡಮ್ಮ?"

"ನನ್ನ ಕೇಳ್ಬೇಡ. ನಿನ್ನ ಕಿವೀನ ಕೇಳು."

ಹೊಸ ತಂತಿ ಮತ್ತೆ ಮತ್ತೆ ಸಡಿಲಾಗುತ್ತಿತ್ತು. ಚಿಣ್ಣಿ ಮತ್ತೆ ಮತ್ತೆ ಊದಿದಳು. ದೊಡ್ಡಮ್ಮ ಎದುರಿಗೆ ನೆಲದ ಮೇಲೆ ಕೂತು ಮಗುವಿನ ಮುಖವನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಆ ಪುಟ್ಟ ಹುಬ್ಬುಗಳ ನಡುವಿನ ಗಂಟು ಬಿಚ್ಚಿಕೊಂಡಿತು.

"ಹಾಂ, ಬಂತು," ಎಂದಳು ದೊಡ್ಡಮ್ಮ. ಎರಡನೆಯ ತಂತಿಯತ್ತ ಬೆರಳು ತೋರಿಸಿದಳು.