ಐದು ಡಿಗ್ರಿ ಮುಂದಕ್ಕೆ

ಜುಂಜಯ್ಯ ಮಾವ ಗಾಡಿ ಒಯ್ಯಲು ಬರುವಷ್ಟರಲ್ಲಿ ದೀಪಾ ಒಂದು ಅಂಕಿಯನ್ನು ಅಳಿಸಬೇಕಿತ್ತು. ಅಷ್ಟೇ ಕೆಲಸ. ಲ್ಯಾಪ್‌ಟಾಪನ್ನು ಗಾಡಿಯ ಕಂಟ್ರೋಲರ್‌ಗೆ ಸಿಕ್ಕಿಸಿ, ಐದು ಇದ್ದಲ್ಲಿ ಸೊನ್ನೆ ಒತ್ತಿದರೆ ಮುಗಿಯಿತು. ಬೆಳಗಿನಿಂದ ಅಂಗಳದಲ್ಲಿ ಕೂತಿದ್ದಳು. ಮುಗಿದಿರಲಿಲ್ಲ.

ಅಪ್ಪ ಗೊಲ್ಲಪ್ಪ ಸತ್ತು ಒಂದು ತಿಂಗಳಾಗಿತ್ತು. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ದೀಪಾ ಅಳಲಿಲ್ಲ. ಮಣ್ಣಿಗೆ ಬಂದವರು ಮೊದಲು ‘ಗಟ್ಟಿ ಹುಡುಗಿ’ ಎಂದರು, ಎರಡು ದಿನ ಬಿಟ್ಟು ‘ಕಲ್ಲು’ ಎಂದರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಅವಳಿಗಂತೂ ಎರಡೂ ತಾಗಲಿಲ್ಲ. ಸಾರಿಗೆ ಉಪ್ಪಿದೆಯೋ ಇಲ್ಲವೋ ಅದೂ ತಿಳಿಯುತ್ತಿರಲಿಲ್ಲ. ಹಿರಿಯೂರಿನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವಳ ಕಸುಬು. ತಿಥಿ ಮುಗಿದ ಮಾರನೆಯ ದಿನವೇ ಹೋಗಿ ಸುತ್ತುತ್ತ ಕೂತಳು. ಸುತ್ತು ಎಣಿಸುವಾಗ ಬೇರೇನೂ ತಲೆಗೆ ಬರುವುದಿಲ್ಲ.

ಗಾಡಿ ಹುಟ್ಟಿದ್ದೇ ಕುರಿ ಕಾಯುತ್ತಿದ್ದ ಅಪ್ಪನ ಮಂಡಿಯ ದೆಸೆಯಿಂದ. ನಿಲ್ಲಲು ತೊಂದರೆಯಿರಲಿಲ್ಲ, ನಡೆದರೆ ಪ್ರಾಣ ಹೋಗುತ್ತಿತ್ತು. ಸ್ಕೂಟರ್ ತಗೋ ಎಂದರೆ, “ಕುಂತ್ರೆ ಕುರಿ ಕಾಣಾಕಿಲ್ಲ” ಎಂದ. ಹಾಗಾಗಿ ನಿಂತೇ ಹೋಗುವ ಗಾಡಿ. ಅಕ್ಕಪಕ್ಕ ಎರಡು ಚಕ್ರ, ನಡುವೆ ಹಲಗೆ, ಹಿಡಿಯಲು ಎದೆಮಟ್ಟದ ಹಿಡಿ. ಮುಂದೆ ಬಾಗಿದರೆ ಮುಂದೆ ಹೋಗಬೇಕು, ಹಿಂದೆ ವಾಲಿದರೆ ಹಿಂದೆ, ನೆಟ್ಟಗೆ ನಿಂತರೆ ನಿಲ್ಲಬೇಕು.

ಹೇಳುವುದು ಸುಲಭ. ಮೊದಲು ಚಿತ್ರದುರ್ಗದ ಗುಜರಿಯಿಂದ ಎರಡು ಗೇರ್ ಮೋಟಾರು ತಂದಳು. ಗೇರಿನ ಹಲ್ಲುಗಳ ಸಡಿಲಕ್ಕೆ ಗಾಡಿ ನಿಂತಲ್ಲೇ ಕಟಕಟ ನಡುಗಿತು. “ಇದ್ಕೆ ಚಳಿಜ್ವರ ಬಂದೈತೆ” ಎಂದ ಅಪ್ಪ. ಆಮೇಲೆ ಚಕ್ರದೊಳಗೇ ಇರುವ ಮೋಟಾರು, ಎರಡು ಬೇರೆ ಬೇರೆ ಸ್ಕೂಟರಿನವು. ಅವು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಆಡಿ ಅಪ್ಪನನ್ನು ಬೇಲಿಗೆ ಕೆಡವಿದವು. ಕೊನೆಗೆ ಒಂದೇ ಅಚ್ಚಿನ ಜೋಡಿ ಹುಡುಕಿದಳು. ಬೇಕಾದ್ದಕ್ಕಿಂತ ದುಪ್ಪಟ್ಟು ಬಲದವು, ಏಕೆಂದರೆ ಇದ್ದ ಬಲವನ್ನೆಲ್ಲ ಓಟಕ್ಕೇ ಸುರಿಯುವ ಮೋಟಾರು ಮುಗ್ಗರಿಸುವವನನ್ನು ಹಿಡಿಯಲಾರದು. ಮೋಟಾರನ್ನು ಆಡಿಸುವ ಕಂಟ್ರೋಲರ್ ಅಂತೂ ಎರಡು ಸುಟ್ಟವು. ಸ್ಕೂಟರಿನದಕ್ಕೆ ಮುಂದೆ ಹೋಗುವುದೊಂದೇ ಗೊತ್ತು. ಇದಕ್ಕೆ ಕಣ್ಣುರೆಪ್ಪೆ ಬಡಿಯುವುದರೊಳಗೆ ಹಿಂದಕ್ಕೂ ಮುಂದಕ್ಕೂ ತಿರುಗಿಸುವಂಥದ್ದೇ ಬೇಕಿತ್ತು. ಮೂರನೆಯದು ಸಿಕ್ಕಿತು.

ಗಾಡಿ ಬೀಳದೆ ನಿಂತಿತು. ಅಪ್ಪ ಹತ್ತಿದರೆ ಮಾತ್ರ ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು.

“ಅಂಗಳ ಇಳಿಜಾರೈತೆ ಕಣಪ್ಪ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ” ಎಂದು ಅಪ್ಪ ನಕ್ಕ.

ಆಗ ಅವಳು ಅವನನ್ನೇ ನೋಡಿದಳು. ಹಿಡಿಯ ಮೇಲೆ ಎರಡೂ ಕೈ, ಕೈಯ ಮೇಲೆ ಗದ್ದ, ಮೈಯೆಲ್ಲ ಮುಂದಕ್ಕೆ.

“ನೆಟ್ಟಗೆ ನಿಂತ್ಕಳಪ್ಪ.”

“ನೆಟ್ಟಗೇ ನಿಂತೀನಲ್ಲೇ!”

ಅವನ ಮಟ್ಟಿಗೆ ಅದೇ ನೆಟ್ಟಗೆ. ಅಳೆದರೆ ಐದು ಡಿಗ್ರಿ. ಕಂಟ್ರೋಲರ್‌ಗೆ ಐದನ್ನೇ ನೆಟ್ಟಗೆ ಎಂದು ಕಲಿಸಿದಳು. ಅಂದಿನಿಂದ ಗಾಡಿ ಅಪ್ಪ ಹೇಳಿದಂತೆ ಕೇಳಿತು. ಅವನು ಅದರ ಮೇಲೆ ಕುರಿ ಮೇಯಿಸಿದ್ದು ನಾಲ್ಕು ತಿಂಗಳು.

ಅವನು ಸತ್ತ ಮೇಲೆ ಒಮ್ಮೆ ದೀಪಾ ಹತ್ತಿ ನೆಟ್ಟಗೆ ನಿಂತಳು. ಗಾಡಿಯ ಲೆಕ್ಕದಲ್ಲಿ ಅದು ಹಿಂದೆ ವಾಲಿದಂತೆ. ಗಾಡಿ ಅವಳನ್ನು ಹಿಂದಕ್ಕೆ, ಹಿಂದಕ್ಕೆ, ಗೋಡೆಯವರೆಗೆ ಒಯ್ದಿತು. ಇದರ ಮೇಲೆ ಸುಮ್ಮನೆ ನಿಲ್ಲಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ ಎಂದುಕೊಂಡಳು. ಆಗಲೂ ಏನೂ ಅನ್ನಿಸಲಿಲ್ಲ.

ಈಗ ಕುರಿಗಳೆಲ್ಲ ಅವ್ವನ ತಮ್ಮ ಜುಂಜಯ್ಯನ ಸುಪರ್ದಿಗೆ ಹೋಗಿದ್ದವು. ಅವನ ಹಿಮ್ಮಡಿಯೂ ಕೆಟ್ಟಿತ್ತು. “ಗಾಡಿ ಅವನಿಗೆ ಕೊಡು. ಮೂಲೇಲಿಟ್ಟು ಪೂಜೆ ಮಾಡ್ತೀಯೇನು?” ಎಂದಿದ್ದಳು ಅವ್ವ ಹುಚ್ಚಕ್ಕ. ಕೊಡಲು ದೀಪಾಳ ತಕರಾರಿರಲಿಲ್ಲ. ಆದರೆ ಐದನ್ನು ಅಳಿಸಿದರೆ ಅಪ್ಪ ನಿಂತಿದ್ದ ರೀತಿ ಮತ್ತೆಲ್ಲೂ ಇರುವುದಿಲ್ಲ. ಫೋಟೋದಲ್ಲಿ ಅವನು ಕುರ್ಚಿಯ ಮೇಲೆ ಕೂತಿದ್ದಾನೆ.

ಬೇಲಿಯಾಚೆ ಕುರಿಗಳ ಸದ್ದಾಯಿತು. ದೀಪಾ ಐದನ್ನು ಅಳಿಸಿ ಸೊನ್ನೆ ಒತ್ತಿದಳು. ಬದಲಾವಣೆ ಉಳಿಸಲೇ ಎಂದು ಪರದೆ ಕೇಳಿತು. ಬೆರಳು ಅಲ್ಲೇ ನಿಂತಿತು.

ಮಾವ ಕುಂಟುತ್ತ ಬಂದವನೇ ಹಲಗೆ ಹತ್ತಿಬಿಟ್ಟ.

“ತಡಿ ಮಾವ, ಇನ್ನೂ ಆಗಿಲ್ಲ! ಹಿಂದಕ್ಕೋಗ್ತೈತೆ, ಬೀಳ್ತೀಯ!”

ಗಾಡಿ ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಜುಂಜಯ್ಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಕೈಯ ಮೇಲೆ ಗದ್ದ ಊರಿ, ಬೇಲಿಯಾಚೆ ಚದುರಿದ ಕುರಿಗಳನ್ನು ನೋಡುತ್ತ ನಿಂತಿದ್ದ. ಐವತ್ತು ವರ್ಷ ಕುರಿಯ ಹಿಂದೆ ಕೋಲೂರಿ ನಿಂತ ಮೈ ಇನ್ನು ಹೇಗೆ ನಿಂತೀತು?

ದೀಪಾ ಸೊನ್ನೆಯನ್ನು ಉಳಿಸದೆಯೇ ಲ್ಯಾಪ್‌ಟಾಪ್ ಮುಚ್ಚಿದಳು. ತಿಂಗಳಿಂದ ಎಲ್ಲಿ ಹೋಗಿತ್ತೋ ಆ ಅಳು, ಒಮ್ಮೆಲೇ ಬಂತು. ತಡೆಯಲಾಗಲಿಲ್ಲ.

ಮಾವ ಗಾಬರಿಯಾದ. “ಯಾಕವ್ವ? ಹತ್ತಿ ಕೆಡಿಸಿಬಿಟ್ಟೆನಾ?”

“ಇಲ್ಲ ಮಾವ” ಎಂದಳು. “ಸರಿಯಾಗೈತೆ. ಹಂಗೇ ನಿಂತ್ಕಾ.”