ಮೋಡದ ಬೆನ್ನು

ಆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ವಿಮಾನವಿತ್ತು. ಹಾರುವ ವಿಮಾನವಲ್ಲ, ಹಾರಿದ ಹಾಗೆ ಅನ್ನಿಸುವ ವಿಮಾನ: ಒಂದು ಕಂಪ್ಯೂಟರು, ಸಾಲಾಗಿ ಮೂರು ಸ್ಕ್ರೀನು, ಹಳೆಯ ವ್ಯಾನಿನಿಂದ ಕಿತ್ತು ತಂದ ಸೀಟು, ಕೈಗೆ ಒಂದು ಸ್ಟಿಕ್ಕು, ಕಾಲಿಗೆ ಎರಡು ಪೆಡಲು. ಫ್ಲೈಟ್ ಸಿಮ್ಯುಲೇಟರ್ ಅಂತ ಅದರ ದೊಡ್ಡ ಹೆಸರು. ಮನೆಯಾಕೆ ಕರೆಯುತ್ತಿದ್ದದ್ದು 'ನಿಮ್ಮ ಗುಜರಿ' ಅಂತ. ಅವಳ ಮಾತೇ ಸರಿಯೇನೋ. ಅದು ಜೋಡಿಸಿಟ್ಟದ್ದನ್ನು ಕಂಡವರು ಕಡಿಮೆ, ಬಿಚ್ಚಿ ನೆಲದ ತುಂಬ ಹರವಿದ್ದನ್ನು ಕಂಡವರೇ ಹೆಚ್ಚು.

ಅದರ ಒಡೆಯ ಲಿಫ್ಟ್ ಮೆಕ್ಯಾನಿಕ್, ಐವತ್ತೆರಡರ ವಯಸ್ಸು, ಸುಮ್ಮನಿರಲು ಬಾರದ ಕೈ. ವಿಮಾನದ ಗುಂಡಿಗಳೆಲ್ಲ ಕಳಚಿಹಾಕಿದ ಲಿಫ್ಟುಗಳಿಂದ ಬಂದವು. ಚಕ್ರ ಮೇಲೆತ್ತಬೇಕಾದರೆ ನಾಲ್ಕನೆಯ ಮಹಡಿ ಒತ್ತಬೇಕು, ಇಳಿಸಲು ಮೂರನೆಯದು, ಬ್ರೇಕಿಗೆ ನೆಲಮಹಡಿ. ಗಂಟೆಯ ಚಿತ್ರವಿದ್ದ ಗುಂಡಿಗೆ ಮಾತ್ರ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಅದಕ್ಕೇನು ಕೆಲಸ ಕೊಡಲಿ ಅಂತ ತಲೆ ಕೆಡಿಸಿಕೊಂಡು ಅವನು ಒಂದಿಡೀ ಭಾನುವಾರ ಕಳೆದಿದ್ದ.

ಮೊದಲು ಹೀಗಿರಲಿಲ್ಲ. ಮೊದಲ ವರ್ಷ ಅವನ ಬಳಿ ಇದ್ದದ್ದು ಒಂದೇ ಸ್ಕ್ರೀನು. ಕೆಲಸ ಮುಗಿಸಿ ಬಂದು, ಕೈಯ ಗ್ರೀಸು ತೊಳೆದು, ಚಹಾ ಹಿಡಿದು ಕೂತರೆ ಸೀದಾ ಸಮುದ್ರದ ಮೇಲೆ. ಎಲ್ಲಿಗೆ ಅಂತಿಲ್ಲ, ಯಾಕೆ ಅಂತಿಲ್ಲ. ಕೆಳಗೆ ನೀರು, ಮುಂದೆ ಸಂಜೆಯ ಬೆಳಕು, ಒಂದೇ ಸಮನೆ ಇಂಜಿನ್ನಿನ ಗುನುಗು. ದಿನವಿಡೀ ಲಿಫ್ಟಿನ ಕೆಳಗಿನ ಕತ್ತಲೆ ಹೊಂಡದಲ್ಲಿ ನಿಂತು ತಲೆಯೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದವನ ಮೈಯೊಳಗೆ ಆ ಬಯಲು ಮೆಲ್ಲಗೆ ಇಳಿಯುತ್ತಿತ್ತು. ಚಹಾ ಆರಿ ತಣ್ಣಗಾದದ್ದೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, "ಎಲ್ಲಿದ್ದೀರಿ?" ಅಂದರೆ, "ಗೊತ್ತಿಲ್ಲ ಕಣೇ" ಅನ್ನುತ್ತಿದ್ದ, ಖುಷಿಯಿಂದ. ಒಂದು ದಿನ ಎತ್ತರ ತೋರಿಸುವ ಮುಳ್ಳು ಕೊಂಚ ನಡುಗಿದಂತೆ ಕಂಡಿತು. ಅಷ್ಟೇ. ಅಂದಿನಿಂದ ಸಮುದ್ರ ಹೋಯಿತು, ಮುಳ್ಳು ಉಳಿಯಿತು.

ಇದರಲ್ಲಿ ಕಸುಬಿನ ತಪ್ಪೂ ಇತ್ತು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ತಲೆಗೆ ತುಂಬಿದ್ದ ನಿಯಮ ಒಂದೇ: ಲಿಫ್ಟಿಗೆ ಕೈ ಹಾಕಿದ ಮೇಲೆ, ಒಂದೇ ಒಂದು ಸ್ಕ್ರೂ ತಿರುಗಿಸಿದ್ದರೂ ಸರಿ, ಮೂರು ಸಲ ಖಾಲಿಯಾಗಿ ಮೇಲೆ ಕೆಳಗೆ ಓಡಿಸಬೇಕು. ಮೂರು ಸಲವೂ ಅದು ತಕರಾರು ಮಾಡದಿದ್ದರೆ ಮಾತ್ರ ಜನ ಹತ್ತಬೇಕು. ಮೂವತ್ತು ವರ್ಷ ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಅವನು ಮುಟ್ಟಿದ ಲಿಫ್ಟಿನಲ್ಲಿ ಯಾರೊಬ್ಬರೂ ಸಿಕ್ಕಿಕೊಂಡಿರಲಿಲ್ಲ. ಮಹರಾಯ ಅದೇ ನಿಯಮವನ್ನು ಮನೆಯ ವಿಮಾನಕ್ಕೂ ಹಚ್ಚಿದ. ಒಬ್ಬನೇ ಮೂರು ಸಲ ಹಾರಿಸಿ ನೋಡುವುದು. ಮೂರರಲ್ಲಿ ಒಂದು ಸಲ ಏನಾದರೂ ಕಣ್ಣಿಗೆ ಬೀಳುವುದು. ಅದನ್ನು ಸರಿಮಾಡುವುದು. ಸರಿಮಾಡಿದ್ದಕ್ಕೆ ಮತ್ತೆ ಮೂರು ಸಲ. ಲಿಫ್ಟಾದರೆ ಕೆಳಗೆ ಕಾಯುವ ಜನ ಬೈದಾದರೂ ಕೆಲಸ ಮುಗಿಸುತ್ತಾರೆ. ಇಲ್ಲಿ ಬೈಯಬೇಕಾದ ಹೆಂಡತಿ ಯಾವತ್ತೋ ಬೈಯುವುದು ಬಿಟ್ಟು ನಗುವುದಕ್ಕೆ ಶುರುಮಾಡಿದ್ದಳು.

ಈ ವಿಮಾನಕ್ಕಾಗಿ ಕಾಯುತ್ತಿದ್ದವಳು ಒಬ್ಬಳೇ, ಅವನ ಅಕ್ಕ. ಅವಳು ಬೈಯುವ ಪೈಕಿಯಲ್ಲ.

ಅಕ್ಕ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ಹವಾಮಾನ ಕಚೇರಿಯಲ್ಲಿ ಮೂವತ್ತೆರಡು ವರ್ಷ ಮೋಡ ನೋಡುವ ಕೆಲಸ ಮಾಡಿ ನಿವೃತ್ತಳಾದವಳು. ತಮಾಷೆಯಲ್ಲ, ಅದೇ ಅವಳ ಕೆಲಸ. ಮೂರು ಗಂಟೆಗೊಮ್ಮೆ ಅಂಗಳಕ್ಕೆ ಬಂದು, ತಲೆಯೆತ್ತಿ, ಯಾವ ಬಗೆಯ ಮೋಡ, ಎಷ್ಟು ಎತ್ತರ, ಎತ್ತ ಸಾಗುತ್ತಿದೆ ಅಂತ ಪುಸ್ತಕದಲ್ಲಿ ಬರೆಯುವುದು. ಇಷ್ಟೆಲ್ಲ ಮೋಡ ಬರೆದವಳು ಒಂದು ದಿನವೂ ವಿಮಾನ ಹತ್ತಿದವಳಲ್ಲ. ಚಿಕ್ಕಂದಿನಲ್ಲಿ ಕಿವಿಯ ಆಪರೇಷನ್ ಆಗಿತ್ತು. ವಿಮಾನದ ಸಹವಾಸ ಬೇಡವೇ ಬೇಡ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ನಾಲ್ಕು ತಿಂಗಳ ಹಿಂದೆ ಇನ್ನೊಬ್ಬ ಡಾಕ್ಟರು, ಕಣ್ಣಿನವರು, ಇನ್ನೊಂದು ಮಾತು ಹೇಳಿದರು. ಕಣ್ಣಿನ ನರ ಸೊರಗುತ್ತಿದೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದೆ, ಕಣ್ಣಿಗೆ ಮದ್ದಿನ ಹನಿ ಹಾಕಿಕೊಂಡರೆ ನಿಧಾನವಾಗಬಹುದು, ಎಷ್ಟು ನಿಧಾನ ಅಂತ ಹೇಳಲಾಗದು. ಅಕ್ಕ ಅಲ್ಲಿಂದ ತನ್ನ ಮನೆಗೆ ಹೋಗದೆ ಸೀದಾ ತಮ್ಮನ ಕೋಣೆಗೆ ಬಂದಳು.

"ಪುಟ್ಟ, ನಿನ್ನ ವಿಮಾನದಲ್ಲಿ ಮೋಡ ಇದ್ಯಾ?"

ಐವತ್ತೆರಡರ ಪುಟ್ಟ ನೆಲದ ಮೇಲೆ ಕೂತು ವೈರು ಸುಲಿಯುತ್ತಿದ್ದ. "ಇದೆ ಅಕ್ಕ."

"ಮೋಡದ ಮೇಲಕ್ಕೆ ಹೋಗುತ್ತಾ?"

"ಹೋಗದೆ ಏನು!"

"ಹಾಗಾದ್ರೆ ಒಂದ್ಸಲ ಕರ್ಕೊಂಡು ಹೋಗು. ಇಷ್ಟು ವರ್ಷ ಅದರ ಹೊಟ್ಟೆ ನೋಡಿ ಬರೆದಿದ್ದಾಯ್ತು. ಕಣ್ಣು ಪೂರ್ತಿ ಹೋಗೋ ಮುಂಚೆ ಬೆನ್ನು ನೋಡ್ಬೇಕು ನಾನು."

ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದಳು. ಅವನ ಕೈಯ ವೈರು ಹಾಗೇ ಕೆಳಗೆ ಬಿತ್ತು. ಆ ಗಳಿಗೆಯಲ್ಲೇ ಅವಳನ್ನು ಸೀಟಿನಲ್ಲಿ ಕೂರಿಸಿ ಹಾರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪ್ರೀತಿ ಉಕ್ಕಿದಾಗ ಕೆಲವರು ತಬ್ಬಿಕೊಳ್ಳುತ್ತಾರೆ, ಕೆಲವರು ಸ್ಕ್ರೂಡ್ರೈವರ್ ಹುಡುಕುತ್ತಾರೆ. "ಬರೋ ಭಾನುವಾರ ಅಕ್ಕ," ಅಂದ. "ಮೋಡ ಸ್ವಲ್ಪ ಸರಿ ಮಾಡಿಬಿಡ್ತೀನಿ. ನಿನಗೆ ತೋರಿಸೋದು ಅಂದ್ರೆ ಸುಮ್ನೇನಾ?"

ಅವನ ಅಂಜಿಕೆಯೂ ಸುಳ್ಳಲ್ಲ. ಬೇರೆ ಯಾರಿಗಾದರೂ ಹತ್ತಿಯ ಉಂಡೆ ತೋರಿಸಿ ಮೋಡ ಅಂದುಬಿಡಬಹುದು, ಅಕ್ಕನಿಗೆ ತೋರಿಸುವುದು ಹೇಗೆ? ಒಂದು ನೋಟಕ್ಕೇ ಇದು ಖೊಟ್ಟಿ ಅಂದುಬಿಡುತ್ತಾಳೆ. ಹೊಸ ಮೋಡಗಳನ್ನು ಹಾಕಿದ. ಹಾಕಿದ್ದರಿಂದ ಕಂಪ್ಯೂಟರು ಏದುಸಿರು ಬಿಟ್ಟಿತು, ಅದಕ್ಕೆ ಮದ್ದು ಮಾಡಿದ. ಅಷ್ಟರಲ್ಲಿ ಮೂರು ಸ್ಕ್ರೀನುಗಳು ಕೂಡುವ ಕಡೆ ಆಕಾಶ ಒಂದು ಬೆರಳಿನಷ್ಟು ಮುರಿದು ಕಂಡಿತು. ನಡುವಿನಲ್ಲಿ ಒಂದು ಎತ್ತರ, ಪಕ್ಕದವುಗಳಲ್ಲಿ ಇನ್ನೊಂದು. ಅದು ಅವನ ನಿದ್ದೆಗೆಡಿಸಿತು. ಸ್ಕ್ರೀನಿನ ಕೆಳಗೆ ರಟ್ಟಿನ ಚೂರಿಟ್ಟ, ತೆಗೆದ, ಕೋನ ಬದಲಿಸಿದ, ಮತ್ತೆ ಇಟ್ಟ. ಪ್ರತಿಯೊಂದಕ್ಕೂ ಮೂರು ಖಾಲಿ ಹಾರಾಟ. ಭಾನುವಾರಗಳು ಬಂದವು, ಹೋದವು. ಅಕ್ಕ ಬಂದು ಬಾಗಿಲಲ್ಲಿ ನಿಂತು, "ಆಯ್ತಾ?" ಅಂದು, "ಇನ್ನೊಂಚೂರು" ಅನ್ನಿಸಿಕೊಂಡು, ಅಡುಗೆಮನೆಯಲ್ಲಿ ತಮ್ಮನ ಹೆಂಡತಿಯ ಜೊತೆ ಹರಟಿ ಹೋಗುತ್ತಿದ್ದಳು. ಮೋಡ ಸರಿಯಲೆಂದು ಗಂಟೆಗಟ್ಟಲೆ ನಿಂತವಳಿಗೆ ಕಾಯುವುದು ದೊಡ್ಡದಲ್ಲ ಅಂತ ಅವನು ಅಂದುಕೊಂಡಿದ್ದ. ತನಗೆ ಅನುಕೂಲವಾದದ್ದನ್ನು ನಂಬುವುದು ಎಷ್ಟು ಸುಲಭ ನೋಡಿ.

ಹದಿನೇಳನೆಯ ಭಾನುವಾರ ಬೆಳಿಗ್ಗೆ ಸ್ಕ್ರೀನುಗಳು ಕೂಡುವ ಜಾಗ ಕೊನೆಗೂ ಸರಿಹೋಯಿತು. ಆಕಾಶ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಅವನಿಗೆ ಕುಣಿಯುವಷ್ಟು ಸಂತೋಷ. ಪೆಡಲು ಒಂದನ್ನು ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿ, ಮೂರು ಸಲ ಖಾಲಿ ಹಾರಿಸಿದರೆ ಮುಗಿಯಿತು, ಸಂಜೆಗೆ ಅಕ್ಕನನ್ನು ಕರೆಯಬಹುದು ಅಂದುಕೊಂಡ. ಪೆಡಲು ಬಿಚ್ಚಿ ನೆಲದ ಮೇಲಿಟ್ಟಿದ್ದ, ಅಕ್ಕ ತಾನಾಗಿಯೇ ಬಂದಳು. ಹೊಸಿಲು ದಾಟುವಾಗ ಪಕ್ಕದಲ್ಲಿದ್ದ ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡು, "ಇದು ಯಾವಾಗ ಬಂತು ಇಲ್ಲಿಗೆ?" ಅಂದಳು. ಸ್ಟೂಲು ಮೂರು ವರ್ಷದಿಂದ ಅಲ್ಲೇ ಇತ್ತು.

ಅವನು ಹೆಮ್ಮೆಯಿಂದ ಸ್ಕ್ರೀನುಗಳ ಕಡೆ ಕೈ ಚಾಚಿದ. "ನೋಡಕ್ಕ, ಹೇಗಿದೆ?"

ಅಕ್ಕ ನೋಡಿದಳು. "ಚೆನ್ನಾಗಿದೆ. ಆದ್ರೆ ಪಕ್ಕದ ಎರಡನ್ನ ಯಾಕೆ ತೆಗೆದುಬಿಟ್ಟೆ?"

ಪಕ್ಕದ ಎರಡೂ ಸ್ಕ್ರೀನು ಅವಳ ಎದುರಿಗೇ ಫಳಫಳ ಹೊಳೆಯುತ್ತಿದ್ದವು.

ಅಡುಗೆಮನೆಯಿಂದ ಬಂದಿದ್ದ ಹೆಂಡತಿ ಕೈಯೊರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಇಬ್ಬರೂ ಅಕ್ಕನನ್ನೇ ನೋಡಿದರು. ಅಕ್ಕನಿಗೆ ಅರ್ಥವಾಯಿತು. ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. "ಓ," ಅಂದಳು. "ಇಲ್ಲೇ ಇವೆ."

"ಯಾವಾಗಿಂದ ಅಕ್ಕ?"

"ಅಂಚು ಬೇಗ ಮುಚ್ತಾ ಇದೆ ಅಂತ ಗುರುವಾರ ಡಾಕ್ಟರು ಹೇಳಿದ್ರು. ನನಗೆ ಮೊದಲೇ ಅನುಮಾನ ಇತ್ತು. ನಿನ್ನ ಕೆಲಸ ಕೆಡಿಸೋದು ಯಾಕೆ ಅಂತ ಹೇಳ್ಲಿಲ್ಲ."

ಅವನು ಎದ್ದ. ಬಿಚ್ಚಿದ ಪೆಡಲನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದ. "ಕೂತ್ಕೋ ಅಕ್ಕ. ಈಗಲೇ ಹೋಗೋಣ."

"ರೀ, ಪೆಡಲೇ ಇಲ್ವಲ್ರೀ," ಅಂದಳು ಹೆಂಡತಿ.

"ಪೆಡಲಿನ ಕೆಲಸ ನೀನು ಮಾಡು. ಈ ಎರಡು ಕೀ ನೋಡು. ಎಡ ಅಂದ್ರೆ ಇದು, ಬಲ ಅಂದ್ರೆ ಇದು."

"ಮೂರು ಸಲ ಖಾಲಿ?"

"ಬೇಡ," ಅಂದ.

ಅಕ್ಕನನ್ನು ನಡುವಿನ ಸ್ಕ್ರೀನಿಗೆ ಸರಿಯಾಗಿ ಕೂರಿಸಿ, ತಾನು ಪಕ್ಕದಲ್ಲಿ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು ಸ್ಟಿಕ್ಕು ಹಿಡಿದ. ಹೆಂಡತಿ ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಇಂಜಿನ್ನು ಗುನುಗಿತು. ವಿಮಾನ ರನ್‌ವೇ ಮೇಲೆ ಹಾವು ಹರಿದ ಹಾಗೆ ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಓಡಿತು. "ಎಡ, ಎಡ, ಅಯ್ಯೋ ಬಲ ಕಣೇ!" ಅಂತ ಅವನು, "ಒಂದೇ ಸಲಕ್ಕೆ ಎರಡೂ ಹೇಳಿದ್ರೆ ಹೇಗ್ರೀ!" ಅಂತ ಅವಳು, ಸೀಟಿನ ಎರಡೂ ಅಂಚು ಹಿಡಿದು ಚಿಕ್ಕ ಹುಡುಗಿಯ ಹಾಗೆ ನಗುವ ಅಕ್ಕ. ಹುಲ್ಲಿಗೆ ಇಳಿಯುವಷ್ಟರಲ್ಲಿ ಹೇಗೋ ನೆಲ ಬಿಟ್ಟಿತು. ಅವನು ನಾಲ್ಕನೆಯ ಮಹಡಿ ಒತ್ತಿದ. ಚಕ್ರಗಳು ಒಳಗೆ ಹೋದವು.

ಮೊದಲು ಮನೆಗಳು ಸಣ್ಣಗಾದವು. ರಸ್ತೆ ದಾರವಾಯಿತು. ಆಮೇಲೆ ಮೋಡದ ಹೊಟ್ಟೆ, ಅಕ್ಕನಿಗೆ ಅಂಗೈಯಷ್ಟು ಪರಿಚಯದ ಆ ಬೂದು ಹೊಟ್ಟೆ, ಹತ್ತಿರ ಹತ್ತಿರ ಬಂದು ಅವರನ್ನು ಒಳಗೆ ಕರೆದುಕೊಂಡಿತು. ಮೂರು ಸ್ಕ್ರೀನೂ ಬಿಳಿಯಾದವು. ಗೋಡೆಗಳ ಮೇಲೆ, ಹೆಂಡತಿಯ ಮುಖದ ಮೇಲೆ, ನೆಲದ ಮೇಲೆ ಬಿದ್ದಿದ್ದ ಪೆಡಲಿನ ಮೇಲೆ ಆ ಬಿಳುಪು ಹರಡಿತು. ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು. ಕೋಣೆ ಎಲ್ಲಿತ್ತೋ ಅಲ್ಲಿರಲಿಲ್ಲ. ಇಂಜಿನ್ನಿನ ಗುನುಗಿನಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದರು, ಹೊತ್ತು ಎಷ್ಟಾಯಿತೆಂದು ಯಾರೂ ನೋಡಲಿಲ್ಲ. ಬಿಳುಪು ಮೆಲ್ಲಗೆ ತೆಳುವಾಯಿತು, ಹೊಳೆಯಿತು, ಹರಿಯಿತು. ಅವರು ಮೇಲಿದ್ದರು.

ಬಿಸಿಲು. ಕಣ್ಣು ಹರಿಯುವಷ್ಟು ದೂರ ಬಿಳಿಯ ದಿಣ್ಣೆಗಳು, ಅವುಗಳ ನಡುವೆ ನೀಲಿ ನೆರಳಿನ ಕಣಿವೆಗಳು. ಯಾರೂ ಕಾಲಿಡದ ನಾಡೊಂದು ತನ್ನಷ್ಟಕ್ಕೆ ಬೆಳಗುತ್ತ ಬಿದ್ದುಕೊಂಡಿತ್ತು.

ಅಕ್ಕ ಸೀಟಿನಲ್ಲಿ ಮುಂದಕ್ಕೆ ಬಾಗಿದಳು. ಕೊನೆಗೆ, "ಎಷ್ಟು ಬಿಸಿಲಿದೆ ನೋಡು ಇಲ್ಲಿ," ಅಂದಳು. "ಕೆಳಗೆ ನಿಂತು ಮಂಕು ಅಂತ ಬರೀತಿದ್ದೆ. ಆ ಹೊತ್ತಿಗೂ ಇಲ್ಲಿ ಹೀಗೇ ಇತ್ತು."

ಅವನಿಗೆ ದೂರದ ಒಂದು ಮೋಡದ ಅಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿ ಕಂಡಿತು. ಸರಿಮಾಡಲು ಕೈ ತುರಿಸಿತು. ಅಕ್ಕನಿಗೂ ಅದು ಕಂಡಿತ್ತು. "ಅಲ್ಯಾಕೋ ಅದು ಕಲ್ಲುಗೋಡೆ ಥರ ಇದೆ? ಅಂಥ ಮೋಡ ನಾನು ಕಂಡಿಲ್ಲ."

"ತಪ್ಪಾಗಿದೆ ಅಕ್ಕ. ಸರಿ ಮಾಡ್ಬೇಕು."

"ಈಗ್ಲಾ?"

"ಇಲ್ಲ."

"ಹಾಗಿದ್ರೆ ಸುಮ್ನೆ ಕೂತ್ಕೋ." ಅವಳು ಬೆನ್ನು ನೆಟ್ಟಗೆ ಮಾಡಿದಳು. "ನಮ್ಮ ಆಫೀಸಲ್ಲಿ ಆಕಾಶಾನ ಎಂಟು ಪಾಲು ಮಾಡಿ ನೋಡೋದು. ಎಂಟರಲ್ಲಿ ಎಷ್ಟು ಪಾಲು ಮೋಡ ಅಂತ ಬರೆಯೋದು. ಅಂಗಳದ ನಡುವೆ ನಿಂತು ಒಂದ್ಸಲ ಕಣ್ಣಾಡಿಸಿದ್ರೆ ಮುಗೀತಿತ್ತು. ಈಗ ನಿನ್ನ ನಡುವಿನ ಸ್ಕ್ರೀನಲ್ಲಿ ಕಾಣೋದು ಒಂದು ಪಾಲು. ಇದನ್ನ ನೋಡಿದ್ದಾಯ್ತು. ಮುಂದಿನದಕ್ಕೆ ತಿರುಗಿಸು."

ಅವನು ಸ್ಟಿಕ್ಕನ್ನು ಎಡಕ್ಕೆ ಒರಗಿಸಿದ. ವಿಮಾನದ ಮೂಗು ನಿಧಾನವಾಗಿ ಸುತ್ತಿತು. ಎಡ ಸ್ಕ್ರೀನಿನಲ್ಲಿದ್ದ ಬಿಳಿ ಬೆಟ್ಟ ತೇಲಿಕೊಂಡು ನಡುವಿಗೆ, ಅಕ್ಕನ ಕಣ್ಣಿಗೆ ಉಳಿದಿದ್ದ ಆ ಸಣ್ಣ ಕಿಟಕಿಗೆ ಬಂತು. "ಎರಡು," ಅಂದಳು. ಅದರ ಮೈಮೇಲಿನ ಗುಬುಟುಗಳನ್ನು ಒಂದೊಂದಾಗಿ ನೋಡಿದಳು. ಅವಸರವಿಲ್ಲ. "ತಿರುಗಿಸು." ಮತ್ತೆ ಮೂಗು ಸುತ್ತಿತು. "ಮೂರು." ತಾನು ನೋಡಬೇಕೆಂದು ಹಾರಿಸಿದ್ದು, ತಪ್ಪು ಹುಡುಕಲೆಂದು ಹಾರಿಸಿದ್ದು ಅವನಿಗೆ ಗೊತ್ತಿತ್ತು. ಇನ್ನೊಬ್ಬರ ಕಣ್ಣನ್ನು ಹೊತ್ತುಕೊಂಡು ಹಾರುವುದು ಇದೇ ಮೊದಲು. ಎಷ್ಟೋ ವರ್ಷದ ಮೇಲೆ ಅವನು ಮುಳ್ಳುಗಳ ಕಡೆ ನೋಡುತ್ತಿರಲಿಲ್ಲ. ಅವನಿಗೆ ಸುಖವಾಗಿತ್ತು. ಆ ಸುಖದ ನಡುವೆಯೇ, ತಡೆಯಲಾಗದೆ, ಅಳು ಬಂತು.

"ನಾಲ್ಕು," ಅಂದಳು ಅಕ್ಕ.

"ಅಕ್ಕ, ನಾಲ್ಕು ತಿಂಗಳ ಹಿಂದೆ ನೀನು ಕೇಳಿದ ದಿನಾನೇ ತೋರಿಸಿದ್ರೆ, ನಿನಗೆ ಎಲ್ಲಾ ಒಟ್ಟಿಗೇ ಕಾಣ್ತಿತ್ತು ಅಲ್ವಾ?"

ಹೆಂಡತಿ ತಲೆ ತಗ್ಗಿಸಿ ಕೀಬೋರ್ಡು ನೋಡಿದಳು. ಅಕ್ಕ ಜೀವಮಾನದಲ್ಲಿ ಒಂದು ದಿನವೂ ಇಲ್ಲದ್ದನ್ನು ಬರೆದವಳಲ್ಲ. ತಮ್ಮನ ಸಮಾಧಾನಕ್ಕೆಂದು ಈಗಲೂ ಅವಳು ಸುಳ್ಳಾಡಲಿಲ್ಲ.

"ಹೌದು ಪುಟ್ಟ," ಅಂದಳು. "ಕಾಣ್ತಿತ್ತು."

ಹೇಳಿ, ಕೈ ಚಾಚಿ ಅವನ ಭುಜ ಹುಡುಕಿದಳು. ಅದು ಸಿಕ್ಕುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ತಿರುಗಿಸು ಈಗ," ಅಂದಳು. "ಇನ್ನೂ ನಾಲ್ಕು ಪಾಲು ಇದೆ."

ಅವನು ಕಣ್ಣೊರೆಸಿಕೊಳ್ಳದೆ ಮೆಲ್ಲಗೆ ಎಡಕ್ಕೆ ತಿರುಗಿಸಿದ.