ತೊಳೆದ ಅಂಗಿ

ನ್ಯಾಯಾಲಯದ ಹಿಂದಿರುವ ಕಕ್ಕಸು ಗುಂಡಿಗೆ ನನ್ನ ಅಣ್ಣನನ್ನು ಇಳಿಸಿದರು. ಇಳಿಸಿದವನು ಗುತ್ತಿಗೆದಾರ. ಹಗ್ಗ ಹಿಡಿದವನು ನಾನು. ಬೆಳಿಗ್ಗೆ ಹತ್ತಕ್ಕೆ ಇಳಿದವನನ್ನು ಹತ್ತೂಕಾಲಿಗೆ ಹೆಣವಾಗಿ ಮೇಲಕ್ಕೆ ಎಳೆದುಕೊಂಡೆ.

ಗುಂಡಿಯ ಪಕ್ಕದ ಗೋಡೆಗೆ ಒಂದು ತಗಡಿನ ಬೋರ್ಡು ಹೊಡೆದಿದ್ದಾರೆ: ‘ಇಲ್ಲಿ ಮನುಷ್ಯರನ್ನು ಇಳಿಸುವುದು ಶಿಕ್ಷಾರ್ಹ ಅಪರಾಧ.’ ಅದರ ಒಂದು ಮೊಳೆ ಅರ್ಧ ಎದ್ದಿದೆ. ಅಂಗಿ ತಗುಲಿಹಾಕಲು ನಮಗೆ ಅದೇ ಗೂಟ. ಇಳಿಯುವವನು ಬರೀ ಚಡ್ಡಿಯಲ್ಲಿ ಇಳಿಯುತ್ತಾನೆ. ಬಟ್ಟೆಯಿದ್ದರೆ ಕಬ್ಬಿಣದ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ, ನೆಂದರೆ ಭಾರ. ಅಂದೂ ಅಣ್ಣ ಅಂಗಿ ಬಿಚ್ಚಿ, ಕಾಲರು ಹಿಡಿದು ಕೊಡವಿ, ಮೊಳೆಗೆ ಹಾಕಿದ.

“ಜಡ್ಜು, ವಕೀಲ, ಕಳ್ಳ, ಎಲ್ಲರದ್ದೂ ಒಂದೇ ವಾಸನೆ ಕಣೋ. ಸಮಾನತೆ ನೋಡ್ಬೇಕು ಅಂದ್ರೆ ಇಲ್ಲೇ ಇಳೀಬೇಕು,” ಅಂದ. ಪ್ರತಿಸಲ ಹೇಳುವ ಮಾತು. ನಾನು ನಗಲಿಲ್ಲ. ನಕ್ಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಎರಡು ತಿಂಗಳ ಮೇಲೆ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ವಿಚಾರಣೆ. ಇಳಿಸಿದ್ದು ಎಂದು ಬರೆದರೆ ಗುತ್ತಿಗೆದಾರ ಜೈಲಿಗೆ. ತಾನೇ ಬಿದ್ದ ಎಂದು ಬರೆದರೆ ತಪ್ಪೆಲ್ಲ ಸತ್ತವನದ್ದು. ಅತ್ತಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅದರಲ್ಲಿ ಅಣ್ಣನ ಅಂಗಿ.

“ಕುಡಿದಿದ್ದ ಸಾರ್,” ಗುತ್ತಿಗೆದಾರ ಹೇಳಿದ. “ನಾವು ಮುಚ್ಚಳ ತೆಗೆದು ಗಲೀಜು ಎಳೆಯೋ ಮಷೀನಿಗೆ ಕಾಯ್ತಾ ಇದ್ವಿ. ತೂರಾಡ್ಕೊಂಡು ಬಂದು ಬಿದ್ದ. ಎತ್ತಿದ್ಮೇಲೆ, ಉಸಿರಾಡ್ಲಿ ಅಂತ ಅಂಗಿ ನಾವೇ ಬಿಚ್ಚಿದ್ವಿ.”

ಆ ಮಷೀನನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

“ನಿನ್ನ ಬಾಯಿಗೆ ಹುಳ ಬೀಳ್ಲಿ, ಸೂಳೆಮಗನೆ!” ಎಂದೆ. “ಹಗ್ಗ ಹಿಡಿದಿದ್ದು ನಾನು!”

“ಇದು ಕಚೇರಿ,” ಎಂದ ವಿಚಾರಣೆಯ ಅಧಿಕಾರಿ. “ನೀನು ಸತ್ತವನ ತಮ್ಮ. ಇವರ ಕಡೆ ನೋಡಿದವರು ಮೂವರಿದ್ದಾರೆ. ನಿಮ್ಮ ಕಡೆ ಬೇರೆ ಏನಿದೆ?”

ಅತ್ತಿಗೆ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. “ಇದು ಒಣಗಿತ್ತು ಸ್ವಾಮಿ. ಒಂದು ಹನಿ ಗಲೀಜಿರಲಿಲ್ಲ. ಅದರಲ್ಲಿ ಬಿದ್ದೋನ ಅಂಗಿ ಹಂಗಿರುತ್ತಾ?”

ಅಧಿಕಾರಿ ಪೆನ್ನಿನ ತುದಿಯಿಂದ ಕಾಲರೆತ್ತಿ ನೋಡಿದ. ಸೋಪಿನ ವಾಸನೆ ನನ್ನವರೆಗೂ ಬಂತು.

“ತೊಳೆದಿದ್ದೀಯಲ್ಲಮ್ಮ.”

“ಹೂಂ.”

“ಗಲೀಜಿರಲಿಲ್ಲ ಅಂತೀಯ. ಮತ್ಯಾಕೆ ತೊಳೆದೆ?”

ಗುಂಡಿಯ ಹತ್ತಿರ ಹೋಗಿಬಂದ ಬಟ್ಟೆ, ಮೈಮೇಲಿರಲಿ ಮೊಳೆಮೇಲಿರಲಿ, ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಬಾಗಿಲಾಚೆ ಬಕೆಟ್ಟಿನಲ್ಲಿ ಬಿಸಿನೀರು ಕಾದಿರುತ್ತದೆ. ಆ ವಾಸನೆ ಮಕ್ಕಳಿಗೆ ಅಂಟಿದರೆ ಶಾಲೆಯ ಬೆಂಚಿನಲ್ಲಿ ಯಾರೂ ಪಕ್ಕಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹದಿನಾಲ್ಕು ವರ್ಷ ಅವಳು ಹಾಗೆ ತೊಳೆದಿದ್ದಾಳೆ. ಅಂದು ಆಸ್ಪತ್ರೆಯಿಂದ ಹೆಣ ಬರುವ ಮೊದಲೇ ನಾನು ಅಂಗಿ ತಂದುಕೊಟ್ಟೆ. ಅವಳ ಕೈ ತಾನಾಗಿ ಬಕೆಟ್ಟಿಗೆ ಹೋಯಿತು. ಎದೆ ಬಿರಿಯುವಂತೆ ಅಳುತ್ತಲೇ ಕಾಲರು ಉಜ್ಜುತ್ತಿದ್ದಳು. ನಾನು ನೋಡುತ್ತ ನಿಂತಿದ್ದೆ. ನನಗೂ ಹೊಳೆಯಲಿಲ್ಲ.

“ಅಭ್ಯಾಸ ಸ್ವಾಮಿ,” ಎಂದಳು ಅತ್ತಿಗೆ.

ಗುತ್ತಿಗೆದಾರ ಕಿಸಕ್ಕನೆ ನಕ್ಕ.

“ಜೇಬಲ್ಲಿ ಬೀಡಿಕಟ್ಟಿತ್ತು ಸಾರ್,” ನಾನೆಂದೆ. “ಒಂದೂ ನೆಂದಿರಲಿಲ್ಲ.”

“ಎಲ್ಲಿದೆ?”

“ಸೇದ್ಬಿಟ್ಟೆ. ಹೆಣ ಕಾಯುವಾಗ.”

ಟೈಪು ಮಾಡುತ್ತಿದ್ದವಳೂ ಬಾಯಿಗೆ ಕೈ ಅಡ್ಡ ಹಿಡಿದಳು. ಅಧಿಕಾರಿ ಮಾತ್ರ ನಗಲಿಲ್ಲ. “ನಾನೇನು ಮಾಡ್ಲಮ್ಮ? ಕಾನೂನು ನಿಮ್ಮ ಪರವಾಗೇ ಇದೆ. ಅದಕ್ಕೆ ಸಾಕ್ಷಿ ಬೇಕು. ಸಾಕ್ಷೀನ ನೀನೇ ತೊಳೆದು ಒಣಗಿಹಾಕಿದ್ದೀಯ,” ಎಂದು, ಆಕಸ್ಮಿಕ ಸಾವು ಎಂದು ಬರೆಸಿ, ಮುಂದಿನವರನ್ನು ಕರೆಸಿದ.

ಕೆಳಗಿಳಿದು ಬಂದರೆ ಹಿತ್ತಿಲಲ್ಲಿ ಅದೇ ಗುಂಡಿ ಮತ್ತೆ ಉಕ್ಕುತ್ತಿತ್ತು. ಕರಿಕೋಟಿನವರು ಮೂಗು ಹಿಡಿದು ಇಟ್ಟಿಗೆಯಿಂದ ಇಟ್ಟಿಗೆಗೆ ಜಿಗಿಯುತ್ತಿದ್ದರು. ಗುತ್ತಿಗೆದಾರ ನಮ್ಮ ಬೆನ್ನಿಗೇ ಬಂದ.

“ಏಯ್, ಆಗಿದ್ದಾಯ್ತು. ಇಳಿ. ಒಲ್ಲೆ ಅಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ಈಗ ಅಣ್ಣನ ಮಕ್ಕಳ ಹೊಟ್ಟೇನೂ ನಿಂದೇ ಅಲ್ವಾ?”

ಹಗ್ಗ ಸೊಂಟಕ್ಕೆ ಕಟ್ಟಿಕೊಂಡೆ. ಅಂಗಿಗೆ ಕೈ ಹಾಕಿದೆ.

“ಬಿಚ್ಬೇಡ,” ಅಂದ. “ಇನ್ಮೇಲೆ ಯಾರೂ ಬಿಚ್ಚಂಗಿಲ್ಲ. ಹಾಕ್ಕೊಂಡೇ ಇಳೀಬೇಕು.”

ಯಾಕೆಂದು ಕೇಳಬೇಕಾಗಿರಲಿಲ್ಲ. ಮೇಲಿನ ಮಹಡಿಯಲ್ಲಿ ನಾವು ಕಲಿತದ್ದನ್ನು ಅವನೂ ಕಲಿತು ಬಂದಿದ್ದ.

ನಾನು ಬಿಚ್ಚಿದೆ. ಮೊಳೆಗೆ ಹಾಕಲಿಲ್ಲ, ಅತ್ತಿಗೆಯ ಕೈಗೆ ಕೊಟ್ಟೆ.

“ತೊಳೀಬೇಡ,” ಅಂದೆ.

ಅವಳು ನನ್ನ ಮುಖ ನೋಡಿದಳು. ಅಣ್ಣನ ಅಂಗಿಯಿದ್ದ ಚೀಲಕ್ಕೆ ಅದನ್ನು ಸೇರಿಸಲಿಲ್ಲ; ಬೇರೆಯಾಗಿ ಕಂಕುಳಲ್ಲಿ ಇರುಕಿಕೊಂಡಳು.

“ಏಯ್ ಮುಂಡೆ, ಕೊಡೇ ಅದನ್ನ! ಅವನು ಹಾಕ್ಕೊಳ್ಲಿ.”

ಬರಿಮೈಗೆ ಗುಂಡಿಯ ಆವಿ ಬಡಿಯುತ್ತಿತ್ತು. ಹಗ್ಗದ ಇನ್ನೊಂದು ತುದಿ ಹಿಡಿಯಲು ಇನ್ನೂ ಯಾರೂ ಬಂದಿರಲಿಲ್ಲ. ಅದು ನೆಲದ ಮೇಲೆ ಬಿದ್ದಿತ್ತು.

“ಕಿವಿ ಕೇಳಲ್ವಾ? ಕೊಡು ಅಂದೆ!”

“ಕೊಡಲ್ಲ,” ಎಂದಳು ಅತ್ತಿಗೆ.